ಸೆರೊಟೋನಿನ್ ಕಮ್ಮಿ ಅನ್ನೋದೇ ಸುಳ್ಳಾದರೆ ಖಿನ್ನತೆಯ ಮಾತ್ರೆಗಳು ಬಂದಿದ್ದು ಎಲ್ಲಿಂದ?

ಶರಾವತಿ_ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿದ್ದಾಳೆ. ಮೆದುಳಿನಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಮ್ಮಿಯಾಗಿದೆ, ಈ ಮಾತ್ರೆ ಅದನ್ನು ಸರಿ ಮಾಡುತ್ತದೆ ಅಂತ ಶುರುವಿನಲ್ಲೇ ಹೇಳಿದ್ದರು. ರಕ್ತ ಕಮ್ಮಿ ಇದ್ದವರಿಗೆ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡು ನಾವೂ ಒಪ್ಪಿಕೊಂಡೆವು. ಅವಳು ಈಗ ಎಷ್ಟೋ ಮೇಲು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ, ಫೋನ್ ಮಾಡಿದರೆ ಎತ್ತುತ್ತಾಳೆ, ಮೊನ್ನೆ ತಾನಾಗಿಯೇ ಮಲ್ಲಿಗೆ ಗಿಡಕ್ಕೆ ಗೊಬ್ಬರ ಹಾಕಿದಳಂತೆ.

ಈಗ ನಮ್ಮ ಭಾವ ಒಂದು ವಿಡಿಯೋ ಕಳಿಸಿದ್ದಾರೆ. ಸೆರೊಟೋನಿನ್ ಕಮ್ಮಿಯಾಗಿ ಖಿನ್ನತೆ ಬರುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆಯೇ ಇಲ್ಲ, 2022ರಲ್ಲಿ ಲಂಡನ್ನಿನವರು ಹಳೇ ಸಂಶೋಧನೆಗಳನ್ನೆಲ್ಲ ಜಾಲಾಡಿ ಹಾಗೆ ಹೇಳಿದ್ದಾರೆ, ಆದ್ದರಿಂದ ಈ ಮಾತ್ರೆಗಳೆಲ್ಲ ಕಂಪನಿಗಳ ಮೋಸ, ಯೋಗ ಮಾಡಿದರೆ ಸಾಕು ಅಂತ ಅದರಲ್ಲಿ ಇದೆ. ತಂಗಿ ಅದನ್ನು ನೋಡಿ ನಾಳೆಯಿಂದಲೇ ಮಾತ್ರೆ ಬಿಡುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಕಾರಣವೇ ಸರಿಯಾಗಿ ಗೊತ್ತಿಲ್ಲದೆ ಔಷಧಿ ಹೇಗೆ ಕಂಡುಹಿಡಿದರು? ಮೊದಲು ಯಾರು, ಯಾವ ಧೈರ್ಯದ ಮೇಲೆ ಕೊಟ್ಟು ನೋಡಿದರು? ಸುಮ್ನೆ ಜಗಳ ಆಡೋಕೆ ಕೇಳುತ್ತಿಲ್ಲ. ಅವಳಿಗೆ ಏನು ಹೇಳಬೇಕು ಅಂತ ನಿಜವಾಗಿಯೂ ತಿಳಿಯುತ್ತಿಲ್ಲ.

---

ಹಳೇ_ಮೇಷ್ಟ್ರು:

ಮೊದಲ ಮಾತು, ಡಾಕ್ಟರನ್ನು ಕೇಳದೆ ನಾಳೆಯಿಂದ ಬಿಡೋದು ಬೇಡ ಅಂತ ತಂಗಿಗೆ ಹೇಳಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿದವನು. ಈ ಕಥೆ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಉತ್ತರ ಉದ್ದ ಆಗುತ್ತದೆ.

ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಅದಲುಬದಲಾಗಿದೆ. ಸೆರೊಟೋನಿನ್ ಕಮ್ಮಿ ಅಂತ ಮೊದಲು ಗೊತ್ತಾಗಿ, ಅದಕ್ಕೆ ಅಂತ ಮೊದಲ ಮಾತ್ರೆ ಮಾಡಿದ್ದಲ್ಲ. ಮಾತ್ರೆ ಮೊದಲು ಬಂತು. ಅದು ಯಾಕೆ ಕೆಲಸ ಮಾಡುತ್ತದೆ ಅಂತ ಹುಡುಕುತ್ತಾ ಹೋದವರು ಸೆರೊಟೋನಿನ್ ಹತ್ತಿರ ಬಂದು ನಿಂತರು.

ಶುರುವಾಗಿದ್ದು ಕ್ಷಯದಿಂದ. ಎರಡನೇ ಮಹಾಯುದ್ಧ ಮುಗಿದಾಗ ರಾಕೆಟ್ಟಿಗೆ ಬಳಸುತ್ತಿದ್ದ ಹೈಡ್ರಾಜಿನ್ ಅನ್ನೋ ಇಂಧನ ಬೇಕಾದಷ್ಟು ಉಳಿದಿತ್ತು. ಔಷಧಿ ಕಂಪನಿಗಳಿಗೆ ಅದು ಅಗ್ಗಕ್ಕೆ ಸಿಕ್ಕಿತು. ಅದರಿಂದ ಮಾಡಿ ನೋಡಿದ ವಸ್ತುಗಳಲ್ಲಿ ಎರಡು ಟಿಬಿ ರೋಗಾಣುವನ್ನು ಚೆನ್ನಾಗಿ ಹಿಡಿದವು. ಒಂದು ಐಸೊನಿಯಾಜಿಡ್, ಇನ್ನೊಂದು ಇಪ್ರೊನಿಯಾಜಿಡ್. ಐಸೊನಿಯಾಜಿಡ್ ಇವತ್ತಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿಗೆ ಕೊಡುವ ಮಾತ್ರೆಯಲ್ಲಿ ಇದೆ.

1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿರುವ ಸೀ ವ್ಯೂ ಆಸ್ಪತ್ರೆಯಲ್ಲಿ ಸೆಲಿಕಾಫ್ ಮತ್ತು ರಾಬಿಟ್ಜೆಕ್ ಅನ್ನೋ ಇಬ್ಬರು ಡಾಕ್ಟರು ಇವುಗಳನ್ನು ಕೊಟ್ಟು ನೋಡಿದರು. ಬೇರೆ ಔಷಧಿಗಳು ಹಿಡಿಯದೆ ಕೈಬಿಟ್ಟಂತಿದ್ದ ರೋಗಿಗಳು ಅವರು. ಜ್ವರ ಇಳಿಯಿತು, ತೂಕ ಏರಿತು. ಅದರ ಜೊತೆಗೆ ಯಾರೂ ಎಣಿಸದ ಇನ್ನೊಂದು ನಡೆಯಿತು. ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಎದ್ದು ಕೂತರು, ಇನ್ನೊಂದು ತಟ್ಟೆ ಊಟ ಕೇಳಿದರು, ಪಕ್ಕದ ಮಂಚದವರನ್ನು ಮಾತಾಡಿಸಿದರು, ವಾರ್ಡಿನಲ್ಲೇ ಕುಣಿದರು. ಪತ್ರಿಕೆಗಳಲ್ಲಿ ಫೋಟೋ ಸಮೇತ ಬಂತು. ರೋಗ ವಾಸಿಯಾಗುವ ಖುಷಿ ಇರಬೇಕು ಅಂತ ಹೆಚ್ಚಿನವರು ಬಿಟ್ಟುಬಿಟ್ಟರು. ಕೆಲವರು ಮಾತ್ರ ಬಿಡಲಿಲ್ಲ. ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯ ನೇಥನ್ ಕ್ಲೈನ್ ಮತ್ತು ಅವರ ಜೊತೆಗಾರರು ಇಪ್ರೊನಿಯಾಜಿಡ್ಡನ್ನು ಟಿಬಿ ಇಲ್ಲದ, ಖಿನ್ನತೆ ಮಾತ್ರ ಇದ್ದವರಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಹೇಳಿದರು. ಆಗ ಅದಕ್ಕೆ ಪರವಾನಗಿ ಇದ್ದದ್ದು ಟಿಬಿಗೆ ಮಾತ್ರ. ಆದರೂ ಒಂದೇ ವರ್ಷದಲ್ಲಿ ಸುಮಾರು 4 ಲಕ್ಷ ಜನ ಖಿನ್ನತೆಗೆ ಅಂತ ಅದನ್ನು ತೆಗೆದುಕೊಂಡರು. ಆಮೇಲೆ ಲಿವರಿಗೆ ಪೆಟ್ಟು, ಕಾಮಾಲೆ ಅಂತ ದೂರುಗಳು ಬಂದು 1961ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು.

ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಮ್ಯುನ್‌ಸ್ಟರ್ಲಿಂಗನ್ ಅಂತ ಊರು. ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕುನ್ ಅಂತ ಡಾಕ್ಟರು. ಗೈಗಿ ಕಂಪನಿ ಅವರಿಗೆ ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆಗೆ ಆಗಬಹುದೇ ನೋಡಿ ಅಂತ ಒಂದು ಮಾತ್ರೆ ಕೊಟ್ಟಿತ್ತು. ಹೆಸರೂ ಇಟ್ಟಿರಲಿಲ್ಲ, ಜಿ 22355 ಅಂತ ನಂಬರ್ ಅಷ್ಟೇ. ಅದರ ಮೂಲ ವಸ್ತುವನ್ನು 19ನೇ ಶತಮಾನದ ಕೊನೆಯಲ್ಲೇ ಬಣ್ಣದ ಕೆಲಸಕ್ಕೆ ಅಂತ ಮಾಡಿಟ್ಟಿದ್ದರು. ಸ್ಕಿಜೋಫ್ರೇನಿಯಾಕ್ಕೆ ಅದರಿಂದ ಏನೂ ಆಗಲಿಲ್ಲ, ಕೆಲವರಿಗಂತೂ ಚಡಪಡಿಕೆ ಜಾಸ್ತಿಯಾಯಿತು. ಇನ್ನೊಬ್ಬರಾಗಿದ್ದರೆ ಮಾತ್ರೆಯನ್ನು ವಾಪಸ್ ಕಳಿಸಿ ಸುಮ್ಮನಾಗುತ್ತಿದ್ದರು. ಇವರು 1956ರ ಜನವರಿಯಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಕೊಡಲು ಶುರು ಮಾಡಿದರು. ಮೊದಲನೇ ರೋಗಿ ಒಬ್ಬ ಹೆಂಗಸು. ವಾರದೊಳಗೆ ಅವಳಲ್ಲಿ ಆದ ಬದಲಾವಣೆ ವಾರ್ಡಿನ ಸಿಬ್ಬಂದಿಯ ಕಣ್ಣಿಗೇ ಬಿತ್ತು. ಕುನ್ ಅವರದು ಅಂಕ ಹಾಕುವ ಪದ್ಧತಿ ಅಲ್ಲ. ರೋಗಿಯ ಜೊತೆ ಕೂತು ಗಂಟೆಗಟ್ಟಲೆ ಮಾತಾಡೋದು. ಬೆಳಿಗ್ಗೆ ಏಳುವಾಗ ಹೇಗಿತ್ತು, ಓದಬೇಕು ಅನಿಸಿತಾ, ಮನೆಯವರು ಬಂದಾಗ ಏನನಿಸಿತು, ಹೀಗೆ. ಸುಮಾರು 40 ರೋಗಿಗಳ ಅನುಭವವನ್ನು 1957ರಲ್ಲಿ ಪ್ರಕಟಿಸಿದರು. ಜ್ಯೂರಿಕ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಅವರ ಭಾಷಣ ಕೇಳಲು ಕೂತಿದ್ದವರು ಹತ್ತು ಹನ್ನೆರಡು ಜನ. ಆ ಮಾತ್ರೆಯೇ ಇಮಿಪ್ರಮಿನ್. ಇವತ್ತಿಗೂ ಬಳಕೆಯಲ್ಲಿದೆ.

ಈ ಎರಡರಲ್ಲೂ ಗಮನಿಸಿ. ಯಾರೂ ಮೆದುಳಿನ ರಾಸಾಯನಿಕ ಅಳೆದು ಶುರು ಮಾಡಿದ್ದಲ್ಲ. ಮಲಗಿದ್ದವರು ಎದ್ದರು, ಅದನ್ನು ಒಬ್ಬರು ಗಮನಿಸಿದರು. ಹಾಗಾಗಿ ಸೆರೊಟೋನಿನ್ ವಿವರಣೆ ಬಿದ್ದುಹೋದರೂ ಆ ರೋಗಿಗಳು ಎದ್ದದ್ದು ಸುಳ್ಳಾಗೋದಿಲ್ಲ.

---

ಹಿತ್ತಲ_ಗಿಡ:

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಸೆರೊಟೋನಿನ್ ವಿಚಾರ ಬಂದ ದಾರಿಯಲ್ಲಿ ನಮ್ಮ ನೆಲದ ಒಂದು ಗಿಡ ಇದೆ, ಅದನ್ನು ಸೇರಿಸುತ್ತೇನೆ. ಸರ್ಪಗಂಧ. ಪಶ್ಚಿಮ ಘಟ್ಟದ ಕಡೆಯವರು ನೋಡಿರುತ್ತೀರಿ. ಮೊಣಕಾಲುದ್ದದ ಗಿಡ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಹಣ್ಣಾದಾಗ ಕಪ್ಪಗೆ ಹೊಳೆಯುವ ಸಣ್ಣ ಕಾಯಿ. ಬೇರಿಗಾಗಿ ಕಿತ್ತು ಕಿತ್ತು ಕಾಡಿನಲ್ಲಿ ಈಗ ಅಪರೂಪ ಆಗಿದೆ.

ನಿದ್ದೆಗೆ, ಮನಸ್ಸಿನ ಉದ್ರೇಕಕ್ಕೆ ಇದರ ಬೇರನ್ನು ನಮ್ಮಲ್ಲಿ ಬಹಳ ಹಿಂದಿನಿಂದ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆ ಅಂತ ಬರೆದರು. ಹೊರಗಿನವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1949ರಲ್ಲಿ ಬೊಂಬಾಯಿಯ ಹೃದಯದ ಡಾಕ್ಟರು ರುಸ್ತುಮ್ ಜಲ್ ವಕೀಲ್ ಬ್ರಿಟನ್ನಿನ ಪತ್ರಿಕೆಯಲ್ಲಿ ತಮ್ಮ ಬಿಪಿ ರೋಗಿಗಳ ಅನುಭವ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರೆಸರ್ಪಿನ್ ಅನ್ನೋ ಔಷಧಿಯ ಅಂಶವನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ಮಾನಸಿಕ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದವರಲ್ಲಿ ಮೇಷ್ಟ್ರು ಹೇಳಿದ ಅದೇ ನೇಥನ್ ಕ್ಲೈನ್ ಕೂಡ ಒಬ್ಬರು.

ಈಗ ಮುಖ್ಯ ಭಾಗ. ಬಿಪಿಗೆ ರೆಸರ್ಪಿನ್ ತೆಗೆದುಕೊಂಡ ಕೆಲವರು ಮಂಕಾದರು, ಖಿನ್ನರಾದರು ಅಂತ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಅವರ ಪ್ರಯೋಗಾಲಯದವರು ರೆಸರ್ಪಿನ್ ಕೊಟ್ಟ ಪ್ರಾಣಿಗಳ ಮೆದುಳಿನಲ್ಲಿ ಸೆರೊಟೋನಿನ್ ಖಾಲಿಯಾಗುತ್ತದೆ ಅಂತ ತೋರಿಸಿದರು. ಸೆರೊಟೋನಿನ್ ಒಡೆದುಹೋಗದಂತೆ ತಡೆಯುವ ಇಪ್ರೊನಿಯಾಜಿಡ್ ಮೊದಲೇ ಕೊಟ್ಟಿದ್ದರೆ ಪ್ರಾಣಿ ಮಂಕಾಗೋದೇ ಇಲ್ಲ, ಬದಲಿಗೆ ಚುರುಕಾಗುತ್ತದೆ. ಎರಡನ್ನೂ ಕೂಡಿಸಿ ನೋಡಿ. ಖಾಲಿ ಮಾಡುವ ಔಷಧಿ ಮಂಕು ಮಾಡುತ್ತದೆ, ಉಳಿಸುವ ಔಷಧಿ ಎಬ್ಬಿಸುತ್ತದೆ, ಅಂದಮೇಲೆ ಖಿನ್ನತೆ ಅಂದರೆ ಖಾಲಿಯಾಗೋದೇ ಇರಬೇಕು. ಖಾಲಿಯಾಗೋದು ಯಾವುದು ಅಂದರೆ, 1965ರಲ್ಲಿ ಅಮೆರಿಕದ ಶಿಲ್ಡ್‌ಕ್ರೌಟ್ ಮೆದುಳಿನ ಇನ್ನೊಂದು ರಾಸಾಯನಿಕ ನಾರ್‌ಅಡ್ರಿನಲಿನ್ ಅಂದರು, 1967ರಲ್ಲಿ ಇಂಗ್ಲೆಂಡಿನ ಕಾಪನ್ ಸೆರೊಟೋನಿನ್ ಅಂದರು.

ಆದರೆ ನನ್ನನ್ನು ಇವತ್ತಿಗೂ ಕಾಡುವ ಒಂದು ಸಂಗತಿ ಇದೆ. ಅದೇ 1955ರಲ್ಲಿ ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯ ಡೇವೀಸ್ ಮತ್ತು ಶೆಪರ್ಡ್ ಆತಂಕ, ಖಿನ್ನತೆ ಇದ್ದವರಿಗೆ ರೆಸರ್ಪಿನ್ ಕೊಟ್ಟು, ಹೋಲಿಕೆಗೆ ಇನ್ನೊಂದು ಗುಂಪಿಗೆ ಉತ್ತುತ್ತು ಮಾತ್ರೆ, ಅಂದರೆ ಒಳಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ನೋಡಿದ್ದರು. ರೆಸರ್ಪಿನ್ ತೆಗೆದುಕೊಂಡವರೇ ಮೇಲಾದರು! ಖಾಲಿ ಮಾಡುವ ಔಷಧಿಯಿಂದಲೇ ಮೇಲಾದರೆ ಆ ಲೆಕ್ಕ ಕೂಡೋದು ಹೇಗೆ? ಆ ಅಧ್ಯಯನವನ್ನು ಎಷ್ಟೋ ವರ್ಷ ಯಾರೂ ಎತ್ತಲೇ ಇಲ್ಲ. ಅಂದರೆ 2022ರಲ್ಲಿ ಇದ್ದಕ್ಕಿದ್ದಂತೆ ಬಿರುಕು ಬಿಟ್ಟಿದ್ದಲ್ಲ, ಶುರುವಿನಿಂದಲೂ ಬಿರುಕು ಇತ್ತು.

---

ನೇರ_ಮಾತು:

ನಾನು ಭಾವನ ಪರ ಸ್ವಲ್ಪ ಮಾತಾಡುತ್ತೇನೆ. ಮಾತ್ರೆ ಬಿಡಿ ಅಂತ ಹೇಳೋಕಲ್ಲ, ಆದರೆ ಈ ಇತಿಹಾಸವನ್ನು ಬರೀ ಒಳ್ಳೇ ಡಾಕ್ಟರ ಸೂಕ್ಷ್ಮ ಕಣ್ಣಿನ ಕಥೆ ಮಾಡಬೇಡಿ.

ಮ್ಯುನ್‌ಸ್ಟರ್ಲಿಂಗನ್ ಕಥೆಯ ಉಳಿದರ್ಧ ಹೇಳಿ. ಆ ಊರು ಇರುವ ತುರ್ಗಾವ್ ಪ್ರಾಂತ್ಯದ ಸರ್ಕಾರವೇ ಇತಿಹಾಸಕಾರರಿಂದ ತನಿಖೆ ಮಾಡಿಸಿತು, 2019ರಲ್ಲಿ ವರದಿ ಹೊರಬಂತು. 1940ರ ದಶಕದಿಂದ 1980ರವರೆಗೆ ಆ ಆಸ್ಪತ್ರೆಯಲ್ಲಿ ಪರವಾನಗಿ ಇಲ್ಲದ ಹತ್ತಾರು ವಸ್ತುಗಳನ್ನು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದರು. ಎಷ್ಟೋ ಜನರಿಗೆ ತಾವು ನುಂಗುತ್ತಿರೋದು ಏನು ಅಂತಲೇ ಗೊತ್ತಿರಲಿಲ್ಲ. ಆ ಕಾಲದ ನಿಯಮಗಳು ಸಡಿಲ ಇದ್ದವು ಅನ್ನೋದು ನಿಜ. ಆದರೆ ಬೀಗ ಹಾಕಿದ ವಾರ್ಡಿನಲ್ಲಿ ಇದ್ದವರಿಗೆ ಬೇಡ ಅನ್ನುವ ದಾರಿ ಎಲ್ಲಿತ್ತು? ಇವತ್ತು ನಾವು ನುಂಗುವ ಮಾತ್ರೆಯ ಹಿಂದೆ ಅವರೂ ಇದ್ದಾರೆ, ಅವರ ಹೆಸರು ಎಲ್ಲೂ ಇಲ್ಲ.

ಇನ್ನು ಕಂಪನಿಗಳು. ಸೆರೊಟೋನಿನ್ ಕಮ್ಮಿ ಅನ್ನೋದನ್ನು ವಿಜ್ಞಾನಿಗಳು ಒಂದು ಊಹೆ ಅಂತ ಹೇಳಿದ್ದರು. ಜಾಹೀರಾತಿನವರು ಅದನ್ನು ಸತ್ಯ ಅಂತ ಮನೆಮನೆಗೆ ಮುಟ್ಟಿಸಿದರು. ಅಮೆರಿಕದಲ್ಲಿ ಟಿವಿಯಲ್ಲೇ ಔಷಧಿ ಜಾಹೀರಾತು ಹಾಕುತ್ತಾರೆ. ನಿಮ್ಮ ಮೆದುಳಿನ ರಾಸಾಯನಿಕ ಸಮತೋಲನ ತಪ್ಪಿದೆ, ಈ ಮಾತ್ರೆ ಸರಿ ಮಾಡುತ್ತದೆ ಅಂತ ವರ್ಷಗಟ್ಟಲೆ ಹೇಳಿದರು. ಮಕ್ಕಳ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಆತ್ಮಹತ್ಯೆಯ ಯೋಚನೆ ಜಾಸ್ತಿಯಾಗುವ ಸೂಚನೆ ಇತ್ತು. ಆದರೂ ಔಷಧಿಯ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಬರಲು 2004 ಆಗಬೇಕಾಯಿತು. ಜನ ಸಿಟ್ಟಾಗೋದಕ್ಕೆ ಕಾರಣ ಇದೆ. ಆ ಸಿಟ್ಟನ್ನು ದಡ್ಡತನ ಅಂತ ತಳ್ಳಿಹಾಕಿದರೆ ಅವರು ಇನ್ನಷ್ಟು ವಿಡಿಯೋಗಳ ಕಡೆಗೇ ಹೋಗುತ್ತಾರೆ.

---

ಶರಾವತಿ_ತೀರ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತಂಗಿಗೂ ಓದಿ ಹೇಳುತ್ತಿದ್ದೇನೆ, ಪಕ್ಕದಲ್ಲೇ ಕೂತಿದ್ದಾಳೆ. ಅವಳದೇ ಎರಡು ಪ್ರಶ್ನೆ. ಒಂದು, ಇಮಿಪ್ರಮಿನ್ ಆಕಸ್ಮಿಕವಾಗಿ ಸಿಕ್ಕಿತು ಸರಿ, ಆದರೆ ತನ್ನ ಮಾತ್ರೆ ಸೆರೊಟೋನಿನ್ ಮೇಲೇ ಕೆಲಸ ಮಾಡುವಂಥದ್ದು ಅಲ್ವಾ, ಅದು ಆ ಊಹೆಯಿಂದಲೇ ಹುಟ್ಟಿದ್ದು ತಾನೇ? ಎರಡು, ಯೋಗ ಮಾಡಿದರೆ ನಿಜವಾಗಿಯೂ ಸಾಕಾ?

---

ಹಳೇ_ಮೇಷ್ಟ್ರು:

ತಂಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನೇರ_ಮಾತು ಅವರು ಹೇಳಿದ್ದೂ ನೂರಕ್ಕೆ ನೂರು ಸರಿ, ಅದನ್ನು ಪಾಠದಲ್ಲಿ ಹೇಳದೆ ಬಿಡಬಾರದು.

ಹೌದು, ಈ ಗುಂಪಿನ ಮಾತ್ರೆಗಳು ಆ ಊಹೆಯ ಮೇಲೆಯೇ ಹುಟ್ಟಿದವು. ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್ ತರಹದ ಹಳೆಯವು ಮೆದುಳಿನಲ್ಲಿ ಹತ್ತು ಕಡೆ ಕೈಯಾಡಿಸುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ, ತಲೆಸುತ್ತು, ಮಂಪರು. ಎಲ್ಲಕ್ಕಿಂತ ದೊಡ್ಡ ಭಯ ಅಂದರೆ ಒಮ್ಮೆಗೇ ಜಾಸ್ತಿ ನುಂಗಿದರೆ ಹೃದಯದ ಬಡಿತ ತಪ್ಪಿ ಜೀವಕ್ಕೇ ಅಪಾಯ. ಸಾಯಬೇಕು ಅನ್ನುವ ಯೋಚನೆ ಇರುವವರ ಕೈಗೇ ಅಂಥ ಮಾತ್ರೆಯ ಸ್ಟ್ರಿಪ್ ಕೊಟ್ಟು ಕಳಿಸಬೇಕಾಗಿತ್ತು. ಎಷ್ಟು ಡಾಕ್ಟರು ಅದರಿಂದ ನಿದ್ದೆಗೆಟ್ಟಿರಬೇಕು. ಹಾಗಾಗಿ ಸೆರೊಟೋನಿನ್ ಒಂದನ್ನೇ ಮುಟ್ಟುವ ಮಾತ್ರೆ ಬೇಕು ಅಂತ ಹುಡುಕಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಜೊತೆಗೂಡಿ ಆಸ್ಟ್ರಾ ಕಂಪನಿ ಜಿಮೆಲಿಡಿನ್ ತಂದಿತು. 1982ರಲ್ಲಿ ಬಂದದ್ದು ಮರುವರ್ಷವೇ ವಾಪಸ್ ಹೋಯಿತು, ಕೆಲವರಿಗೆ ನರಗಳ ಗಂಭೀರ ಕಾಯಿಲೆ ಬಂದಿದ್ದರಿಂದ. ಅಮೆರಿಕದ ಎಲೈ ಲಿಲ್ಲಿಯಲ್ಲಿ ಮೊಲಾಯ್, ಫುಲ್ಲರ್, ವಾಂಗ್ ಇವರೆಲ್ಲ ಸೇರಿ 1970ರ ದಶಕದ ಶುರುವಿನಲ್ಲಿ ಫ್ಲುಒಕ್ಸೆಟಿನ್ ಮಾಡಿದ್ದರು. ಅದಕ್ಕೆ ಅಲ್ಲಿನ ಒಪ್ಪಿಗೆ ಸಿಕ್ಕಿದ್ದು 1987ರ ಡಿಸೆಂಬರ್‌ನಲ್ಲಿ. ಪ್ರೊಜಾಕ್ ಅಂದರೆ ಅದೇ. ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿಯ ಸಿಟಾಲೊಪ್ರಾಮ್ 1989ರಲ್ಲಿ ಬಂತು, ಅದರ ಒಂದು ಭಾಗವನ್ನಷ್ಟೇ ಬೇರೆ ಮಾಡಿದ ಎಸ್ಸಿಟಾಲೊಪ್ರಾಮ್ 2002ರ ಹೊತ್ತಿಗೆ. ತಂಗಿಯ ಮಾತ್ರೆ ಅದೇ. ನಮ್ಮಲ್ಲಿ ಇವು ಕಮ್ಮಿ ಬೆಲೆಗೆ ಸಿಗೋದಕ್ಕೆ 1970ರ ಪೇಟೆಂಟ್ ಕಾಯ್ದೆಯೂ ಒಂದು ಕಾರಣ. ಔಷಧಿಗೆ ಪೇಟೆಂಟ್ ಇಲ್ಲ, ಮಾಡುವ ವಿಧಾನಕ್ಕೆ ಮಾತ್ರ ಅಂತ 2005ರವರೆಗೆ ಇತ್ತು.

ಊಹೆ ಕಚ್ಚಾ ಆಗಿದ್ದರೂ ಮಾತ್ರೆ ಉಪಯೋಗಕ್ಕೆ ಬಂತು. ಯಾಕೆ ಅಂದರೆ ಮಾತ್ರೆಯನ್ನು ಅಳೆದಿದ್ದು ಊಹೆಯಿಂದ ಅಲ್ಲ, ಉತ್ತುತ್ತು ಮಾತ್ರೆಯ ಪಕ್ಕ ಇಟ್ಟು. 2018ರಲ್ಲಿ ಚಿಪ್ರಿಯಾನಿ ಮತ್ತು ಸಂಗಡಿಗರು 522 ಪ್ರಯೋಗಗಳನ್ನು ಕೂಡಿಸಿ 21 ಔಷಧಿಗಳನ್ನು ನೋಡಿದರು, ಎಲ್ಲವೂ ಉತ್ತುತ್ತು ಮಾತ್ರೆಗಿಂತ ಮೇಲೇ ಬಂದವು. ಆದರೆ ಆ ವ್ಯತ್ಯಾಸ ಸರಾಸರಿಯಲ್ಲಿ ದೊಡ್ಡದಲ್ಲ. 2008ರಲ್ಲಿ ಕಿರ್ಷ್ ಅನ್ನೋ ಸಂಶೋಧಕರು ಹೇಳಿದ್ದೂ ಅದನ್ನೇ, ಸೌಮ್ಯ ಖಿನ್ನತೆಯಲ್ಲಿ ಲಾಭ ಕಮ್ಮಿ, ತೀರಾ ತೀವ್ರವಾಗಿದ್ದಾಗ ಮಾತ್ರ ಲಾಭ ಲೆಕ್ಕಕ್ಕೆ ಬರುವಷ್ಟು ಇರುತ್ತದೆ ಅಂತ. ಕೆಲವರಿಗೆ ಜೀವ ಉಳಿಸಿದ ಹಾಗಾಗುತ್ತದೆ, ಕೆಲವರಿಗೆ ಏನೂ ಆಗೋದಿಲ್ಲ. ಇನ್ನೊಂದು ಒಗಟು ನೋಡಿ. ಸೆರೊಟೋನಿನ್ ಮೇಲಿನ ಪರಿಣಾಮ ಮೊದಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಶುರು, ಮನಸ್ಸು ಹಗುರಾಗೋದು ಎರಡು ಮೂರು ವಾರ ಕಳೆದ ಮೇಲೆ. ಬರೀ ಕೊರತೆ ತುಂಬೋದಾಗಿದ್ದರೆ ಇಷ್ಟು ದಿನ ಯಾಕೆ? ನರಕೋಶಗಳ ನಡುವಿನ ಸಂಪರ್ಕ ನಿಧಾನವಾಗಿ ಬದಲಾಗುತ್ತದೆ ಅನ್ನೋದು ಈಗಿನ ಯೋಚನೆ.

ಯೋಗದ ಪ್ರಶ್ನೆಗೆ ನಮ್ಮ ಬೆಂಗಳೂರಿನಲ್ಲೇ ಒಂದು ಉತ್ತರ ಇದೆ. ನಿಮ್ಹಾನ್ಸ್‌ನವರು 45 ರೋಗಿಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ ಇಸಿಟಿ (ತಲೆಗೆ ಸಣ್ಣದಾಗಿ ಕರೆಂಟ್ ಕೊಡುವ ಚಿಕಿತ್ಸೆ), ಒಂದಕ್ಕೆ ಇಮಿಪ್ರಮಿನ್, ಒಂದಕ್ಕೆ ಸುದರ್ಶನ ಕ್ರಿಯೆ ಅನ್ನೋ ಉಸಿರಾಟದ ಯೋಗ ಕೊಟ್ಟು ನಾಲ್ಕು ವಾರ ನೋಡಿದರು. 2000ದಲ್ಲಿ ಪ್ರಕಟವಾಯಿತು. ಇಸಿಟಿ ಎಲ್ಲಕ್ಕಿಂತ ಮುಂದಿತ್ತು, ಕ್ರಿಯೆ ಮತ್ತು ಇಮಿಪ್ರಮಿನ್ ಹೆಚ್ಚುಕಮ್ಮಿ ಸಮ. ಅಂದರೆ ಯೋಗಕ್ಕೆ ಬೆಲೆ ಇದೆ. ಆದರೆ ಅದು ಚಿಕ್ಕ ಅಧ್ಯಯನ, ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರು ಮಾಡಿಸಿದ್ದು. ಅದನ್ನು ಹಿಡಿದು, ಮೇಲಾಗುತ್ತಿರುವವರ ಕೈಯಿಂದ ಮಾತ್ರೆ ಕಿತ್ತುಕೊಳ್ಳೋದು ಸರಿಯಲ್ಲ. ಮಾತ್ರೆಯ ಜೊತೆ ಯೋಗ ಮಾಡಲಿ, ಯಾರು ಬೇಡ ಅಂದರು?

---

ಔಷಧಿ_ಅಂಗಡಿ:

ನಾನು ಮೆಡಿಕಲ್ ಶಾಪ್‌ನವನು. ಇತಿಹಾಸದಲ್ಲಿ ನಮ್ಮವರದೂ ಒಂದು ಪಾಲಿದೆ, ಅದನ್ನು ಹೇಳಿ ಆಮೇಲೆ ಕೆಲಸದ ಮಾತಿಗೆ ಬರುತ್ತೇನೆ.

ಇಪ್ರೊನಿಯಾಜಿಡ್ ಗುಂಪಿನ ಮಾತ್ರೆ ತೆಗೆದುಕೊಂಡ ಕೆಲವರಿಗೆ 1960ರ ಹೊತ್ತಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದು ಬಿಪಿ ವಿಪರೀತ ಏರುತ್ತಿತ್ತು. ಕೆಲವರು ಮೆದುಳಿನಲ್ಲಿ ರಕ್ತಸ್ರಾವ ಆಗಿ ಸತ್ತರು. ಯಾಕೆ ಅಂತ ಡಾಕ್ಟರಿಗೆ ಗೊತ್ತಾಗಲಿಲ್ಲ. ನಾಟಿಂಗ್‌ಹ್ಯಾಮ್‌ನ ಒಬ್ಬ ಔಷಧಿ ವ್ಯಾಪಾರಿ ತನ್ನ ಹೆಂಡತಿಯನ್ನು ಗಮನಿಸಿ ಮಾಡ್ಸ್ಲೀ ಆಸ್ಪತ್ರೆಯ ಯುವ ಡಾಕ್ಟರು ಬ್ಯಾರಿ ಬ್ಲ್ಯಾಕ್‌ವೆಲ್‌ಗೆ ಕಾಗದ ಬರೆದರು. ಚೀಸ್ ತಿಂದಾಗ ಮಾತ್ರ ಹೀಗಾಗುತ್ತದೆ, ಬೆಣ್ಣೆ, ಹಾಲಿನಿಂದ ಏನೂ ಆಗೋದಿಲ್ಲ ಅಂತ. ಮೊದಲು ಹೆಚ್ಚಿನವರು ನಂಬಲಿಲ್ಲ. ಬ್ಲ್ಯಾಕ್‌ವೆಲ್ ಬಿಡದೆ ಹಿಂದೆ ಬಿದ್ದು 1963ರಲ್ಲಿ ಪ್ರಕಟಿಸಿದರು. ಹಳೇ ಚೀಸ್‌ನಲ್ಲಿರುವ ಟೈರಮಿನ್ ಅನ್ನೋ ವಸ್ತುವನ್ನು ಸಾಮಾನ್ಯವಾಗಿ ಕರುಳು, ಲಿವರ್ ಒಡೆದುಹಾಕುತ್ತವೆ. ಈ ಮಾತ್ರೆ ಆ ಕೆಲಸವನ್ನೇ ತಡೆಯುತ್ತದೆ. ಹಾಗಾಗಿ ಅದು ನೇರ ರಕ್ತಕ್ಕೆ ಹೋಗಿ ಬಿಪಿ ಏರಿಸುತ್ತದೆ.

ಈಗ ನಿಮ್ಮ ತಂಗಿಯ ವಿಷಯ. ಎಸ್ಸಿಟಾಲೊಪ್ರಾಮ್ ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆ ಕೆಡೋದು, ಮೈಯಲ್ಲಿ ಕರೆಂಟ್ ಹೊಡೆದಂತೆ ಆಗೋದು, ವಿನಾಕಾರಣ ಅಳು, ಇವೆಲ್ಲ ಬರಬಹುದು. ಖಿನ್ನತೆಯೇ ತಿರುಗಿ ಬರುವ ಅಪಾಯ ಬೇರೆ. ಮೇಲಾದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳಾದರೂ ಮುಂದುವರಿಸಿ, ಆಮೇಲೆ ಡೋಸ್ ನಿಧಾನಕ್ಕೆ ಇಳಿಸುತ್ತಾರೆ. ಬಿಡೋದು ಅವಳ ಹಕ್ಕು, ಆದರೆ ಬಿಡುವ ಕ್ರಮ ಡಾಕ್ಟರ ಜೊತೆ ಕೂತು ಮಾಡಿಕೊಳ್ಳಲಿ. ಬೇರೆ ಯಾವ ಕಾಯಿಲೆಗೆ ಹೋದರೂ ಈ ಮಾತ್ರೆ ನಡೆಯುತ್ತಿದೆ ಅಂತ ಹೇಳಲೇಬೇಕು. ನೋವಿಗೆ ಕೊಡುವ ಟ್ರಮಡಾಲ್, ಹಟಮಾರಿ ಟಿಬಿಗೆ ಕೊಡುವ ಲಿನೆಜೋಲಿಡ್, ಇವು ಇದರ ಜೊತೆ ಸೇರಿದರೆ ತೊಂದರೆ ಆಗಬಹುದು. ಅಂಗಡಿಗೆ ಬರುವವರಲ್ಲಿ ಎಷ್ಟೋ ಜನ ನಾಚಿಕೆಯಿಂದ ಇದನ್ನು ಮುಚ್ಚಿಡುತ್ತಾರೆ, ಚೀಟಿಯನ್ನು ಮಡಚಿ ಮಡಚಿ ಕೈಯೊಳಗೆ ಇಟ್ಟುಕೊಂಡು ಬೇರೆ ಗಿರಾಕಿ ಹೋಗುವ ತನಕ ಕಾಯುತ್ತಾರೆ. ನೋಡಿದರೆ ಸಂಕಟ ಆಗುತ್ತದೆ.

ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

---

ಶರಾವತಿ_ತೀರ:

ಸದ್ಯಕ್ಕೆ ಬಿಡೋದಿಲ್ಲ ಅಂತ ಒಪ್ಪಿದ್ದಾಳೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ, ಎಷ್ಟು ದಿನ ತೆಗೆದುಕೊಳ್ಳಬೇಕು, ಹೇಗೆ ಇಳಿಸೋದು ಅಂತ ತಾನೇ ಕೇಳುತ್ತಾಳಂತೆ. ಭಾವನಿಗೂ ಇದರ ಲಿಂಕ್ ಕಳಿಸಿದ್ದೇನೆ. ಚೀಸ್ ವಿಷಯ ಕೇಳಿ ಅವಳಿಗೆ ಗಾಬರಿಯಾಗಿದೆ, ಪನೀರ್ ತಿನ್ನಬಹುದಾ ಅಂತ ಕೇಳುತ್ತಿದ್ದಾಳೆ.

---

ಔಷಧಿ_ಅಂಗಡಿ:

ಧಾರಾಳವಾಗಿ ತಿನ್ನಲಿ. ಆ ಪಥ್ಯ ಇಪ್ರೊನಿಯಾಜಿಡ್ ಗುಂಪಿನ ಹಳೇ ಮಾತ್ರೆಗಳಿಗೆ, ಎಸ್ಸಿಟಾಲೊಪ್ರಾಮ್‌ಗೆ ಇಲ್ಲ. ಚೀಸ್ ಕೂಡ ತಿನ್ನಬಹುದು. ಸ್ಟ್ರಿಪ್ ಮುಗಿಯುವ ಮೊದಲೇ ಮುಂದಿನದು ತಂದಿಟ್ಟುಕೊಳ್ಳಿ, ಹಬ್ಬದ ರಜೆಯಲ್ಲಿ ಅಂಗಡಿ ಮುಚ್ಚಿ ನಾಲ್ಕು ದಿನ ಮಾತ್ರೆ ತಪ್ಪಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.